ಮೂರೂವರೆ ಗೋಡೆಯ ಖೋಲಿ

ಮನೆಯಲ್ಲಿ ಈ ಕಥೆಯನ್ನು ನಾನು ಬಹಳ ಸಲ ಹೇಳಿದ್ದೇನೆ. ಗಜೇಂದ್ರಗಡದಲ್ಲಿ ಹೊಸದಾಗಿ ಕಟ್ಟಿದ ಚಾಳದಲ್ಲಿ ನಾವೊಂದು ಖೋಲಿ ಕೊಂಡಿದ್ದೆವು. ಚಾಳ ಕಟ್ಟಿಸಿದ ಸಾವಕಾರರು ಪಕ್ಕದ ಖೋಲಿಯ ನೇಕಾರರನ್ನು ಬಿಡಿಸಲು ಹೊರಟಿದ್ದರು. ನಾನು ಅಡ್ಡ ನಿಂತು ಉಳಿಸಿದೆ. ಇಷ್ಟೇ ಕಥೆ. ಹೇಳಿದಾಗಲೆಲ್ಲ ನನ್ನ ಹೆಂಡತಿ ಎದ್ದು ಅಡಿಗೆಮನೆಗೆ ಹೋಗುತ್ತಿದ್ದಳು. ಕೇಳಿ ಕೇಳಿ ಬೇಸರವಾಗಿರಬೇಕು ಎಂದುಕೊಂಡಿದ್ದೆ.

ಹೋದ ತಿಂಗಳು ಟ್ರಂಕಿನ ತಳದಲ್ಲಿ ಆ ಕಾಲದ ದಿನಚರಿ ಸಿಕ್ಕಿತು. ಮೊದಲ ಹಾಳೆ ಹರಿದಿರುವುದರಿಂದ ವರ್ಷ ಯಾವುದೆಂದು ಖಚಿತವಾಗಿ ಹೇಳಲಾರೆ. ಏಕೀಕರಣವಾಗಿ ಒಂದೆರಡು ವರ್ಷ ಕಳೆದಿತ್ತು. ಅದರಲ್ಲಿ ನಾನು ಸಾವಕಾರರಿಗೆ ಕೊಟ್ಟ ಅರ್ಜಿಯ ಕರಡು ಇದೆ. ಅಕ್ಷರ ನನ್ನದೇ. ಅದನ್ನು ಓದಿದ ಮೇಲೆ ಹೆಂಡತಿ ಯಾಕೆ ಎದ್ದು ಹೋಗುತ್ತಿದ್ದಳೆಂದು ತಿಳಿಯಿತು. ಆದ್ದರಿಂದ ಈಗ ಇದನ್ನು ಮೊದಲಿನಿಂದ ಹೇಳುತ್ತೇನೆ.

ನಾನು ರೋಣದವನು. ನಮ್ಮ ಮನೆಯ ಗೋಡೆ ಎರಡು ಮೊಳ ದಪ್ಪದ ಮಣ್ಣಿನದು. ಪಕ್ಕದ ಮನೆಯಲ್ಲಿ ಮದುವೆಯ ಗದ್ದಲವಿದ್ದರೂ ನಡುಮನೆಯಲ್ಲಿ ಕುಳಿತವನಿಗೆ ಬಾಗಿಲು ತೆರೆದರೆ ಮಾತ್ರ ಗೊತ್ತಾಗುತ್ತಿತ್ತು. ಧಾರವಾಡದಲ್ಲಿ ಬಿ.ಎ. ಮುಗಿಸಿ ಗಜೇಂದ್ರಗಡದ ಸಾಲೆಗೆ ಮಾಸ್ತರನಾಗಿ ಬಂದಾಗ, ಗೋಡೆಯ ಬಗ್ಗೆ ಯೋಚಿಸಬೇಕಾಗುತ್ತದೆ ಎಂದು ನನಗೆ ಅನ್ನಿಸಿರಲೇ ಇಲ್ಲ.

ಚಾಳ ಕಟ್ಟಿಸಿದ ಸಾವಕಾರರು ಜೋಳ ಮತ್ತು ಅರಳೆಯ ವ್ಯಾಪಾರಿ. ಲಕ್ಕಲಕಟ್ಟಿಯಲ್ಲಿ ಹೊಲ, ಪೇಟೆಯಲ್ಲಿ ಕಾಳು ತುಂಬುವ ಮೂರು ವಖಾರಿ. ಊರಿಗೆ ಹೊಸ ಮಂದಿ ಬರುವುದನ್ನು ಕಂಡು, ಖಾಲಿ ಬಿದ್ದ ಜಾಗದಲ್ಲಿ ಒಂದೇ ಸಾಲಿಗೆ ಆರು ಖೋಲಿ ಕಟ್ಟಿಸಿ ಒಂದೊಂದಾಗಿ ಮಾರಿದರು. ಬಾಡಿಗೆಗಲ್ಲ, ಖರೀದಿಗೆ. ನಮ್ಮ ಕಡೆ ಅದು ಹೊಸದು. ನೆಲ ಕೊಳ್ಳುವುದು ಗೊತ್ತಿತ್ತು, ಮನೆ ಕೊಳ್ಳುವುದು ಗೊತ್ತಿತ್ತು. ಎಡಬಲದ ಗೋಡೆ ಎರಡೂ ಇನ್ನೊಬ್ಬರ ಜೊತೆ ಹಂಚಿಕೊಂಡ ಒಂದು ಖೋಲಿಯನ್ನು ‘ನನ್ನದು’ ಎನ್ನುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ತಂದೆಯವರು ಬಂದು ನೋಡಿ, “ಎರಡೂ ಕಡೆ ಮಂದಿ ಗ್ವಾಡಿ, ನಡುವ ನಿನ್ನ ಗಾಳಿ. ಗಾಳಿ ಕೊಂಡೀ ಬಿಡು” ಅಂದರು.

ಖರೀದಿ ಕಾಗದವನ್ನು ಪೂರ್ತಿ ಓದಿದವನು ಆರು ಮಂದಿಯಲ್ಲಿ ನಾನೊಬ್ಬನೇ ಎಂಬ ಹೆಮ್ಮೆ ನನಗಿತ್ತು. ಅದರಲ್ಲಿ ಎರಡು ಮಾತು ಮುಖ್ಯ. ಒಂದು, ‘ನಾಲ್ಕು ಗೋಡೆ, ಹಂಚಿನ ಮಾಡು ಸಹಿತ ಖೋಲಿ’. ಇನ್ನೊಂದು, ಯಾವ ಖೋಲಿಯಿಂದಾದರೂ ನೆರೆಯವರಿಗೆ ತ್ರಾಸಾದರೆ ಸಾವಕಾರರು ಕೊಂಡವರ ಹಣ ತಿರುಗಿ ಕೊಟ್ಟು ಖೋಲಿ ಬಿಡಿಸಬಹುದು. ಎರಡನೆಯದು ನನಗೆ ಚೆನ್ನಾಗಿ ನೆನಪಿತ್ತು. ಮೊದಲನೆಯದು ಇತ್ತೆಂಬುದನ್ನು ಇನ್ನೊಬ್ಬರಿಂದ ಕೇಳಬೇಕಾಯಿತು.

ನಮ್ಮ ಪಕ್ಕದ, ಸಾಲಿನ ತುದಿಯ ಖೋಲಿಯನ್ನು ಸೀರೆ ನೇಯುವ ದಂಪತಿ ಕೊಂಡರು. ಇಬ್ಬರೂ ನಮಗಿಂತ ಹತ್ತು ವರ್ಷ ಹಿರಿಯರು. ಆತನನ್ನು ನಾನು ಅಣ್ಣಾರ ಎಂದು ಕರೆಯುತ್ತಿದ್ದೆ. ಆಕೆಯನ್ನು ನನ್ನ ಹೆಂಡತಿ ಅಕ್ಕ ಎನ್ನುತ್ತಿದ್ದಳು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಅವರದು ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯಬೇಕು. ಬಾಡಿಗೆ ಮನೆಯಲ್ಲಿ ನೆಲ ಅಗೆಯಲು ಯಾರೂ ಬಿಡುವುದಿಲ್ಲ. ಅಣ್ಣಾರು ಹದಿನಾಲ್ಕು ವರ್ಷ ಇನ್ನೊಬ್ಬರ ಮಗ್ಗದಲ್ಲಿ ಕುಳಿತು ನೇಯ್ದವರು. ಸ್ವಂತ ಕುಣಿ ತೋಡುವುದಕ್ಕಾಗಿಯೇ ಖೋಲಿ ಕೊಂಡಿದ್ದರು. ಸಾವಕಾರರನ್ನು ಮೊದಲೇ ಕೇಳಿದ್ದರು. “ತೋಡು, ನಿಂದಽ ನೆಲ” ಅಂದಿದ್ದರಂತೆ.

ನನ್ನ ಹೆಂಡತಿ ಮೂರು ತಿಂಗಳ ಮಗಳನ್ನು ಎತ್ತಿಕೊಂಡು ತವರಾದ ನರಗುಂದದಿಂದ ಬಂದ ವಾರವೇ ಆ ಮಗ್ಗ ಶುರುವಾಯಿತು. ಬೆಳಗಾಗುವುದರೊಳಗೆ ಠಕ್, ಆಮೇಲೆ ಠಕ್-ಠಕ್, ದೀಪ ಹಚ್ಚುವವರೆಗೆ. ಸಾಲೆ ಬಿಟ್ಟು ಬಂದರೆ ಠಕ್, ರವಿವಾರ ಇಡೀ ದಿನ ಠಕ್. ಒಂದು ದಿನ ತಲೆಯೆತ್ತಿ ನೋಡಿದಾಗ ಕಾರಣ ಕಂಡಿತು. ನಮ್ಮ ನಡುವಿನ ಗೋಡೆ ಅಡ್ಡತೊಲೆಯವರೆಗೆ ಏರಿ ನಿಂತುಬಿಟ್ಟಿತ್ತು. ಅಲ್ಲಿಂದ ಹಂಚಿನವರೆಗೆ ಏನೂ ಇರಲಿಲ್ಲ. ಒಬ್ಬ ಮನುಷ್ಯ ಗೋಡೆ ಹತ್ತಿ ಕುಳಿತು ಆ ಕಡೆ ಇಳಿಯುವಷ್ಟು ಬಯಲು, ಆರೂ ಖೋಲಿಯ ಉದ್ದಕ್ಕೆ. ಕಂಡಿತು ಎಂದು ಬರೆದೆ. ದಿನಚರಿಯಲ್ಲಿಯೂ ‘ಗೋಡೆ ಮೇಲಿನವರೆಗೆ ಇಲ್ಲ’ ಎಂದಿದೆ. ಕಂಡದ್ದು ನಿಜ, ಆದರೆ ಅದರ ಅರ್ಥ ನನಗೆ ಹೊಳೆಯಲಿಲ್ಲ. ಸದ್ದು ಮಾಡುವವನು ಕಣ್ಣ ಮುಂದಿದ್ದಾಗ ಗೋಡೆಯ ಮೇಲೆ ಸಿಟ್ಟು ಬರುವುದಿಲ್ಲ.

ಆಗ ನಾನು ಹೊರಗಿನಿಂದ ಎಂ.ಎ. ಪರೀಕ್ಷೆಗೆ ಕೂಡಬೇಕೆಂದು ಓದುತ್ತಿದ್ದೆ. ಗಟ್ಟಿಯಾಗಿ ಓದಿದರೆ ಮಾತ್ರ ನನಗೆ ತಲೆಗೆ ಹೋಗುವುದು; ಬರೆಯುವಾಗಲೂ ಬಾಯಲ್ಲಿ ಅಂದುಕೊಂಡೇ ಬರೆಯುತ್ತೇನೆ. ಒಂದು ರವಿವಾರ ಮಧ್ಯಾಹ್ನ ಒಂದೇ ಪುಟವನ್ನು ನಾಲ್ಕು ಸಲ ಓದಿ, ಪುಸ್ತಕ ಮುಚ್ಚಿ, ಮಗ್ಗ ಊಟಕ್ಕೆ ನಿಂತಾಗ, ಹೆಂಡತಿ ಬಟ್ಟೆ ಒಗೆಯಲು ಹೋಗಿದ್ದ ಹೊತ್ತಿನಲ್ಲಿ ಅರ್ಜಿ ಬರೆದೆ. ಕರಡಿನಲ್ಲಿ ಇರುವುದು ಹೀಗೆ: ‘ಪಕ್ಕದ ಖೋಲಿಯ ಮಗ್ಗದ ಸದ್ದಿನಿಂದ ನಮ್ಮ ಎಳೆಗೂಸಿಗೆ ನಿದ್ರೆಯಿಲ್ಲದೆ ಆರೋಗ್ಯ ಕೆಡುವ ಸಂಭವವಿದೆ. ಖರೀದಿ ಕಾಗದದಲ್ಲಿ ಬರೆದ ಪ್ರಕಾರ ತಾವು ತಕ್ಕ ವ್ಯವಸ್ಥೆ ಮಾಡಬೇಕಾಗಿ ವಿನಂತಿ.’ ಗೋಡೆ ಎಂಬ ಶಬ್ದ ಅದರಲ್ಲಿ ಒಮ್ಮೆಯೂ ಇಲ್ಲ. ಇಷ್ಟು ವರ್ಷ ನಾನು ಗೋಡೆಯ ಬಗ್ಗೆ ಅರ್ಜಿ ಕೊಟ್ಟೆನೆಂದೇ ಹೇಳಿಕೊಂಡು ಬಂದಿದ್ದೆ, ಹಾಗೆಂದೇ ನಂಬಿದ್ದೆ.

ಕೂಸಿನ ಮಾತೂ ಅಷ್ಟೇ. ಅದೇ ವಾರ ದಿನಚರಿಯಲ್ಲಿ ಹೆಂಡತಿಯ ಮಾತು ಬರೆದಿಟ್ಟಿದ್ದೇನೆ: “ಕೂಸು ಮಗ್ಗ ನಡದಾಗ ಮಲಗತೈತ್ರಿ. ನಿಂತರಽ ಏಳತೈತಿ. ನಿದ್ದಿ ಇಲ್ಲದ್ದು ನಿಮಗ.” ಅದನ್ನು ಬರೆದ ಪೆನ್ನಿನಿಂದಲೇ ಎರಡು ದಿನ ಬಿಟ್ಟು ಅರ್ಜಿಯನ್ನೂ ಬರೆದಿದ್ದೇನೆ.

ಸೋಮವಾರ ಅರ್ಜಿಯನ್ನು ಸಾವಕಾರರ ಅಂಗಡಿಗೆ ಕೊಟ್ಟು ಸಾಲೆಗೆ ಹೋದೆ. ಸಂಜೆ ಬಂದಾಗ ಹೆಂಡತಿಯ ಮುಂದೆ ಒಂದು ಡಬ್ಬಿ ಅಂಟಿನುಂಡಿ ಇದ್ದವು. ಬಾಣಂತಿಯರಿಗೆ ಹಾಲು ಬರಲಿ ಎಂದು ಕೊಡುವ ಉಂಡೆ. ಅಕ್ಕ ಮಧ್ಯಾಹ್ನ ಮಾಡಿ ತಂದಿದ್ದರು. “ತಂಗೀ, ಒಬ್ಬಾಕಿನಽ ಕುಂತು ಅಳಬ್ಯಾಡ. ಹಾಲು ಸಾಲದಿದ್ರ ನನಗ ಹೇಳಬೇಕಿಲ್ಲೋ?” ಅಂದರಂತೆ. ಹೆಂಡತಿ ಹಾಲು ಕಡಿಮೆಯಾಯಿತೆಂದು ಮಧ್ಯಾಹ್ನದ ಹೊತ್ತು ಅಳುತ್ತಿದ್ದುದು ನನಗೆ ಗೊತ್ತಿರಲಿಲ್ಲ. ಅವಳು ಯಾರಿಗೂ ಹೇಳಿರಲಿಲ್ಲ. ಗೋಡೆಯ ಮೇಲಿನ ಬಯಲಿನಿಂದ ಅಕ್ಕನಿಗೆ ಕೇಳಿಸಿತ್ತು.

ಬುಧವಾರ ಸಾವಕಾರರು ಅಣ್ಣಾರನ್ನು ಅಂಗಡಿಗೆ ಕರೆಸಿದರು. ಮಾಸ್ತರರ ಅರ್ಜಿ ಬಂದಿದೆ, ಕಾಗದದ ಪ್ರಕಾರ ಖೋಲಿ ಬಿಡಬೇಕು, ಕೊಟ್ಟದ್ದು ತಿರುಗಿ ಸಿಗುತ್ತದೆ ಎಂದರು. ಮಗ್ಗದ ಮೇಲೆ ಹಾಸು ಇತ್ತು. ಹಾಸೆಂದರೆ ಉದ್ದಕ್ಕೆ ಬಿಗಿದ ನೂಲು. ಅದನ್ನು ನಡುವೆ ಕತ್ತರಿಸಿ ಎತ್ತುವಂತಿಲ್ಲ, ಕತ್ತರಿಸಿದರೆ ಎಲ್ಲವೂ ಹಾಳು. ಆ ಹಾಸಿನಲ್ಲಿ ಇನ್ನೆರಡು ಸೀರೆ ಉಳಿದಿದ್ದವು. “ಎರಡು ಸೀರಿ ಇಳದ ಮ್ಯಾಲೆ ಬಿಡು” ಎಂದು ಸಾವಕಾರರು ಅಷ್ಟು ಸಡಿಲು ಕೊಟ್ಟರು.

ನಾನು ಸಾಲೆಯಿಂದ ಬಂದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. “ಏನ್ ಬರದ್ರಿ ನೀವು?” ಅಂದಳು. ಮೆಲ್ಲಗೆ ಅಂದಳು, ಮೇಲಿನ ಬಯಲನ್ನು ನೋಡುತ್ತ. ನಾನು ಹೇಳಿದೆ. ಅವಳು ಉಂಡೆಯ ಖಾಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, “ಕೊಟ್ಟು ಬರ್ರಿ. ಕೊಡೂ ಮುಂದ ಹೇಳ್ರಿ” ಅಂದಳು.

ಅಣ್ಣಾರು ಕುಣಿಯಲ್ಲಿ ಕುಳಿತಿದ್ದರು. ಅಕ್ಕ ರಾಟಿಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ನಾನು ಡಬ್ಬಿ ಕೆಳಗಿಟ್ಟೆ.

“ಅಣ್ಣಾರ, ಸಾವ್ಕಾರ್ರಿಗೆ ಅರ್ಜಿ ಬರದಾಂವ ನಾನು.”

“ಗೊತ್ತೈತ್ರಿ, ಮಾಸ್ತರ್ರ.”

“ಸಾವ್ಕಾರ್ರು ಹೇಳಿದ್ರ?”

“ಅವರ್ಯಾಕ ಹೇಳಬೇಕ್ರಿ? ರವಿವಾರನಽ ಗೊತ್ತಾತು.”

ಅಕ್ಕ ರಾಟಿ ನಿಲ್ಲಿಸಿ ನಕ್ಕರು. “ನೀವು ಜೋರಾಗಿ ಓದ್ಕೊಂತ ಬರದ್ರಲ್ರಿ. ‘ಸಂಭವವಿದೆ’ ಅನ್ನೂದನ್ನ ಮೂರ ಸರ್ತಿ ಓದಿದ್ರಿ. ಸಂಭವ ಅಂದ್ರ ಏನಂತ ನಾ ಇವರನ್ನ ಕೇಳ್ದೆ.”

ನಾನು ಲೆಕ್ಕ ಹಾಕಿದೆ. ರವಿವಾರ ಅವರಿಬ್ಬರೂ ನನ್ನ ಅರ್ಜಿಯ ಒಂದೊಂದು ಶಬ್ದವನ್ನೂ ಕೇಳಿದ್ದರು. ಸೋಮವಾರ ಅಕ್ಕ ಉಂಡೆ ಕಟ್ಟಿ ತಂದಿದ್ದರು.

“ಕೇಳಿನೂ ಸುಮ್ಮನ ಕುಂತ್ರಿ?” ಅಂದೆ. ಇದು ನನ್ನ ಬಾಯಿಂದ ಬಂದ ಮಾತು ಹೌದೋ ಅಲ್ಲವೋ. ಇಂಥದೇ ಏನೋ ಅಂದಿರಬೇಕು.

“ಮಗ್ಗ ಸದ್ದು ಮಾಡೂದು ಖರೇ ಐತೆಲ್ರಿ,” ಅಣ್ಣಾರು ಅಂದರು. “ನೀವೇನು ಸುಳ್ಳು ಬರದಿಲ್ಲ.”

“ಕೂಸಿಂದೊಂದು ಸುಳ್ಳು ಬರದಾರ,” ಅಕ್ಕ ಅಂದರು.

ಅದನ್ನು ಸಿಟ್ಟಿನಿಂದ ಅನ್ನಲಿಲ್ಲ. ಈಗಲೂ ನನಗೆ ಆಶ್ಚರ್ಯವಾಗುವುದು ಅದೇ. ಅವರು ಸಿಟ್ಟಾಗಿದ್ದರೆ ನಾನು ವಾದಿಸುತ್ತಿದ್ದೆ, ವಾದದಲ್ಲಿ ಗೆಲ್ಲುತ್ತಿದ್ದೆ, ಅವರು ಖೋಲಿ ಬಿಡುತ್ತಿದ್ದರು. ವಾದ ಮಾಡುವುದನ್ನು ನಾನು ಕಾಲೇಜಿನಲ್ಲಿ ಕಲಿತಿದ್ದೆ.

ಮುಂದಿನ ರವಿವಾರ ಮಧ್ಯಾಹ್ನ ಸಾವಕಾರರೇ ನಮ್ಮ ಖೋಲಿಗೆ ಬಂದರು. ಮಾಸ್ತರರ ಕೆಲಸ ಮಾಡಿಕೊಟ್ಟೆ ಎಂದು ಹೇಳುವುದಕ್ಕೆ. ಆಗ ಮಗ್ಗ ನಿಂತಿತ್ತು. ಅವರದು ಊಟದ ಹೊತ್ತು. ಸಾವಕಾರರು ಚಾಪೆಯ ಮೇಲೆ ಕುಳಿತು, ಮುಂದಕ್ಕೆ ಬಾಗಿ, ದನಿ ಇಳಿಸಿ ಮಾತಾಡಿದರು.

“ಇನ್ನ ಒಂದೂವರಿ ಸೀರಿ, ಮಾಸ್ತರ್ರ. ಆಮ್ಯಾಲೆ ನೀವು, ನಿಮ್ಮ ಪುಸ್ತಕ. ನೇಕಾರ ಭೋಳೆ ಮನಷ್ಯಾ, ತಕರಾರು ಮಾಡಾಂವಲ್ಲ. ಕಾಗದದಾಗ ಏನ್ ಬರದೈತಿ ಅಂತ ಅಂವಗೇನ್ ಗೊತ್ತು?”

ಮೇಲಿನಿಂದ ಉತ್ತರ ಬಂತು.

“ಗೊತ್ತೈತ್ರಿ ಸಾವ್ಕಾರ್ರ. ನಾಲ್ಕ ಗ್ವಾಡಿ ಅಂತ ಬರದೈತ್ರಿ.”

ಸಾವಕಾರರು ಹಂಚು ನೋಡಿದರು. ಆಮೇಲೆ ಬಾಗಿಲು ನೋಡಿದರು. ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಲೆಯ ಕಡೆ ತಿರುಗಿದಳು.

“ಕೇಳಸ್ತೇನು?” ಸಾವಕಾರರು ನನ್ನನ್ನು ಕೇಳಿದರು, ಇನ್ನೂ ಮೆಲ್ಲಗೆ.

“ಇದೂ ಕೇಳಸ್ತ್ರಿ,” ಈಗ ಅಕ್ಕನ ದನಿ.

ಅಣ್ಣಾರು ಕೈ ತೊಳೆದುಕೊಂಡು ಈಚೆಗೆ ಬಂದರು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಖರೀದಿ ಕಾಗದ. ಅವರಿಗೆ ಓದಲು ಬರುತ್ತಿತ್ತು. ಬರುವುದಿಲ್ಲವೆಂದು ನಾನು ಅದುವರೆಗೂ ಯಾಕೆ ತಿಳಿದಿದ್ದೆ ಎಂದು ಕೇಳಿಕೊಂಡರೆ ಉತ್ತರ ನನಗೆ ಹಿತವಾಗುವುದಿಲ್ಲ. ಅವರು ಹೊಸಿಲ ಹತ್ತಿರ ಕುಳಿತು ಹೇಳಿದರು:

“ಸಾವ್ಕಾರ್ರ, ನಮ್ಮ ಸೀರಿಯೊಳಗ ಮೈ ನೂಲು ಬ್ಯಾರೆ, ಸೆರಗಿನ ನೂಲು ಬ್ಯಾರೆ. ಎರಡಕ್ಕೂ ಕೊಂಡಿ ಹಾಕಿ ಕೂಡಸ್ತೇವಿ. ಆ ಕೊಂಡಿ ಬಿಚ್ಚಿತಂದ್ರ, ಸೀರಿ ಮಾರಿ ಎಷ್ಟ ವರ್ಷ ಆಗಿರಲಿ, ನೇದಾಂವಽ ಕುಂತು ಕೂಡಸಿ ಕೊಡ್ಬೇಕು. ನಮ್ಮ ಮುತ್ಯಾ ಮಾಡ್ಯಾನ, ನಾನೂ ಮಾಡೇನಿ. ಉಟ್ಟಾಕಿ ಜೋರಾಗಿ ನಡದ್ಳು, ಅದಕ್ಕ ಬಿಚ್ಚಿತು ಅಂತ ಅಂದ್ರ ನಡೀತೈತೇನ್ರಿ?”

“ಇದು ಸೀರೆಲ್ಲಪಾ, ಖೋಲಿ. ಮಾರಿದ್ದು ಮಾರಿದ್ದು.”

“ನಾಲ್ಕ ಗ್ವಾಡಿ ಅಂತ ಮಾರೀರಿ. ಮೂರೂವರಿ ಕೊಟ್ಟೀರಿ.”

ಸಾವಕಾರರಿಗೆ ಆಗ ಸಿಟ್ಟು ಬಂತು. ಚಾಳದ ತುದಿಯಲ್ಲಿ ಕಟ್ಟೆ ಕಟ್ಟುತ್ತಿದ್ದ ಚಿಕ್ಕನರಗುಂದದ ಗೌಂಡಿಯನ್ನು ಕೂಗಿ ಕರೆದರು. ಗೋಡೆ ಯಾಕೆ ಅರ್ಧಕ್ಕೆ ಬಿಟ್ಟೆ ಎಂದು ಕೇಳಿದರು. ಗೌಂಡಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

“ನೀವಽ ಅಂದ್ರೆಲ್ರಿ, ನಮ್ಮ ವಖಾರಿ ಕಟ್ಟಿದ್ಹಂಗ ಕಟ್ಟು ಅಂತ. ವಖಾರ್ಯಾಗ ನಡು ಗ್ವಾಡಿ ಮಾಡಿನಮಟ ಯಾರ್ ಒಯ್ತಾರ್ರಿ? ಗಾಳಿ ಆಡದಿದ್ರ ಜ್ವಾಳ ಮುಗ್ಗತೈತಿ.”

“ಜ್ವಾಳ ಮಾತಾಡತೈತೇನಲೇ?”

“ಮಾತಾಡೂ ಮಂದೀನ ತುಂಬ್ತೀರಂತ ನನಗೇನ್ ಗೊತ್ರಿ?”

ಅಲ್ಲಿಗೆ ವಿಷಯ ತಿಳಿಯಾಯಿತು. ಜೀವಮಾನವೆಲ್ಲ ಕಾಳು ಕೆಡದಂತೆ ಕಾಯ್ದ ಮನುಷ್ಯ ಮನೆಗಳನ್ನೂ ಕಾಳಿಗೆ ಕಟ್ಟಿದಂತೆಯೇ ಕಟ್ಟಿಸಿದ್ದರು. ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಆದರೆ ತಪ್ಪು ಎಂದು ಒಪ್ಪಲು ಅವರು ತಯಾರಿರಲಿಲ್ಲ. ನನ್ನ ಅರ್ಜಿಯನ್ನು ಕಿಸೆಯಿಂದ ತೆಗೆದು ಎತ್ತಿ ಹಿಡಿದರು. “ಮಾಸ್ತರ್ರು ಏನ್ ಬರದಾರ ನೋಡ್ರಿ. ಮಗ್ಗದ್ದು ತ್ರಾಸ ಅಂದಾರ. ಗ್ವಾಡಿ ಅಂತ ಎಲ್ಲಿ ಬರದಾರ? ಓದಿದ ಮನಷ್ಯಾ ಬರದದ್ದು ಸುಳ್ಳೇನು?”

ಇಲ್ಲಿ ನಾನು ಎದ್ದು ನಿಂತು ಮಾತಾಡಿದೆ ಎಂಬುದು ನನ್ನ ಕಥೆ. ಮಾರಿದವನ ಹೊಣೆ ಮಾರಿದ ದಿನಕ್ಕೆ ಮುಗಿಯುವುದಿಲ್ಲ, ಸದ್ದು ಮಾಡಿದವನದಲ್ಲ, ಸದ್ದನ್ನು ತಡೆಯುವಂತೆ ಕಟ್ಟದವನದು ತಪ್ಪು, ಹೀಗೆಲ್ಲ. ಆ ಮಾತುಗಳು ನನಗೆ ಬಾಯಿಪಾಠವಾಗಿವೆ. ಅದೇ ಈಗ ಅನುಮಾನ ಹುಟ್ಟಿಸುತ್ತದೆ. ದಿನಚರಿಯಲ್ಲಿ ಆ ದಿನ ಇರುವುದು ಇಷ್ಟೇ: ‘ಸಾವಕಾರರು ಬಂದಿದ್ದರು. ಹೊಸ ಅರ್ಜಿ ಬರೆದೆ. ಗೋಡೆ.’

ಮೊನ್ನೆ ಹೆಂಡತಿಯನ್ನು ಕೇಳಿದೆ. ಅವಳು ಹೇಳಿದಂತೆ ನಡೆದದ್ದು ಹೀಗೆ: ನಾನು ತಲೆ ಕೆಳಗೆ ಹಾಕಿ ಕುಳಿತಿದ್ದೆ. ಅವಳು ಒಲೆಯ ಹತ್ತಿರದಿಂದಲೇ, “ಆ ಅರ್ಜಿ ಇತ್ತ ಕೊಡ್ರಿ ಸಾವ್ಕಾರ್ರ. ಅದರಾಗ ತಪ್ಪೈತಿ. ನನ್ನ ಕೂಸು ಚಲೋ ಮಲಗತೈತಿ. ಇವರು ಇನ್ನೊಂದು ಬರದು ಕೊಡ್ತಾರ” ಅಂದಳು. ಸಾವಕಾರರು ನನ್ನನ್ನು ನೋಡಿದರು. ನಾನು, “ಹೌದ್ರಿ, ತಪ್ಪು ಬರದೇನಿ” ಅಂದೆ.

“ಅಷ್ಟಽ ಅಂದೆನೇನು?” ಎಂದು ಕೇಳಿದೆ.

“ಅಷ್ಟಽ. ಅಷ್ಟಂದ್ರ ಸಾಕಾಗಿತ್ತು,” ಅಂದಳು.

ಅವಳ ನೆನಪೇ ಸರಿಯೆಂದು ನಂಬುತ್ತೇನೆ. ಅವಳಿಗೆ ಅದರಿಂದ ಏನೂ ಸಿಗಬೇಕಾಗಿರಲಿಲ್ಲ.

ಹೊಸ ಅರ್ಜಿಯ ಕರಡೂ ದಿನಚರಿಯಲ್ಲಿದೆ. ಅಣ್ಣಾರು ಹೇಳಿದರು, ನಾನು ಬರೆದೆ. ಸಾವಕಾರರು ಅಲ್ಲೇ ಕುಳಿತು ಕೇಳಿದರು. ನಾನು ‘ಸಂಭವ’ ಎಂದು ಬರೆಯಲು ಹೋದಾಗ ಅಕ್ಕ ಬಾಗಿಲಿನಿಂದ, “ಅದೊಂದು ಬ್ಯಾಡ್ರಿ” ಅಂದರು. ಸಾವಕಾರರೂ ನಕ್ಕುಬಿಟ್ಟರು. ಅರ್ಜಿ ಮಡಿಚಿ ಕಿಸೆಗೆ ಹಾಕಿಕೊಂಡು, ಹೌದು ಅಲ್ಲ ಎನ್ನದೆ ಹೊರಟುಹೋದರು.

ಆಮೇಲೆ ಎಂಟು ದಿನ ಏನೂ ಆಗಲಿಲ್ಲ. ಮಗ್ಗದ ಸದ್ದಿಗೆ ನನಗೆ ಬೇರೆ ಅರ್ಥ ಬಂದಿತ್ತು. ಒಂದೊಂದು ಠಕ್‌ಗೂ ಹಾಸು ಕಡಿಮೆಯಾಗುತ್ತಿತ್ತು. ಒಂದು ಸೀರೆ ಇಳಿಯಿತು. ಕೊನೆಯ ಸೀರೆ ಅರ್ಧವಾಯಿತು. ಅಣ್ಣಾರು ಮೆಲ್ಲಗೆ ನೇಯುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತಿತ್ತು. ಕೇಳಿದರೆ ಅಕ್ಕ, “ಮೆಲ್ಲಕ ನೇದ್ರ ಸೀರಿ ಕೆಡತೈತ್ರಿ. ಹ್ಯಾಂಗಿರ್ತಾರೋ ಹಂಗ ನೇಯ್ತಾರ” ಅಂದರು.

ಸೆರಗಿಗೆ ಇನ್ನೊಂದು ಗೇಣು ಉಳಿದಿರುವಾಗ ಚಾಳದ ಮುಂದೆ ಎರಡು ಬಂಡಿ ಇಟ್ಟಂಗಿ ಬಂದು ಬಿದ್ದವು. ಹಿಂದೆಯೇ ಸಾವಕಾರರು. ಆರು ಖೋಲಿಯ ನಡುವಿನ ಐದೂ ಗೋಡೆಗಳನ್ನು ಹಂಚಿನವರೆಗೆ ಏರಿಸುವುದು, ಅದಕ್ಕೆ ಯಾರಿಂದಲೂ ದುಡ್ಡು ಕೇಳುವುದಿಲ್ಲ, ನೇಕಾರರು ಖೋಲಿ ಬಿಡುವುದೂ ಬೇಡ ಎಂದರು. ನಮ್ಮದೊಂದೇ ಸಾಕಿತ್ತಲ್ಲ ಎಂದೆ.

“ಒಂದ ಏರಿಸಿ ನಾಲ್ಕ ಬಿಟ್ರ ನಾಳೆ ನಾಲ್ಕ ಅರ್ಜಿ ಬರ್ತಾವ್ರಿ. ಎಲ್ಲಾರಿಗೂ ಬರಕೊಡಾಕ ನೀವೊಬ್ರು ಕುಂತೀರಿ,” ಅಂದರು.

ಅದು ಕುಚೋದ್ಯವೇ ಇರಬಹುದು. ಆದರೆ ಯಾವ ಕೋರ್ಟೂ ಅವರಿಗೆ ಹೇಳಿರಲಿಲ್ಲ, ಯಾವ ಕಾಯದೆಯೂ ಅವರನ್ನು ಹಿಡಿದಿರಲಿಲ್ಲ. ನೇಕಾರನೊಬ್ಬ ಸೀರೆಯ ಕೊಂಡಿಯ ಮಾತು ಹೇಳಿದ್ದಕ್ಕೆ ಎಂಟು ದಿನ ಯೋಚನೆ ಮಾಡಿ ಮಾರಿಹೋದ ಗೋಡೆಯನ್ನು ಮತ್ತೆ ಕಟ್ಟಿಸಿದರು. ಗೋಡೆ ಏರಿದ ಮೇಲೆ ತಾವೇ ನಮ್ಮ ಖೋಲಿಯಲ್ಲಿ ಕುಳಿತು, ಗೌಂಡಿಯನ್ನು ಆ ಕಡೆ ನಿಲ್ಲಿಸಿ, ತಮ್ಮನ್ನು ಬಯ್ಯಲು ಹೇಳಿದರು. ಬಯ್ದದ್ದು ಕೇಳಿಸಲಿಲ್ಲ. “ಏನ್ ಬೈದಿ?” ಎಂದು ಆಮೇಲೆ ವಿಚಾರಿಸಿದರು, ಗೌಂಡಿ ಹೇಳಲಿಲ್ಲ. ಆ ಮನುಷ್ಯನ ಬಗ್ಗೆ ನನ್ನ ಕಥೆಯಲ್ಲಿ ನಾನು ಯಾವಾಗಲೂ ಕೆಟ್ಟದಾಗಿಯೇ ಹೇಳಿದ್ದೇನೆ. ಅದು ಅನ್ಯಾಯ.

ಸದ್ದು ಪೂರ್ತಿ ಹೋಯಿತು ಎನ್ನಲಾರೆ. ನೆಲದಿಂದ ಒಂದಿಷ್ಟು ಬರುತ್ತಿತ್ತು. ಓದಲು ತೊಂದರೆಯಿರಲಿಲ್ಲ. ಆ ವರ್ಷ ಪರೀಕ್ಷೆಯಲ್ಲಿ ನಾನು ಪಾಸಾಗಲಿಲ್ಲ. ಅದಕ್ಕೆ ಗೋಡೆಯೂ ಕಾರಣವಲ್ಲ, ಮಗ್ಗವೂ ಅಲ್ಲ.

ಕೊನೆಯ ಸೀರೆ ಇಳಿದ ಮರುದಿನ ಅಣ್ಣಾರು ಹೊಸ ಹಾಸು ಹೂಡಿದರು. ಹಳೆಯ ಹಾಸಿನ ತುದಿಗಳನ್ನು ಮಗ್ಗದಲ್ಲೇ ಬಿಟ್ಟಿರುತ್ತಾರೆ. ಹೊಸ ನೂಲಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಬೆರಳಿನಿಂದ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಖೋಲಿ ಬಿಡಬೇಕಾಗಿದ್ದರೆ ಅಂದು ಅವರು ಕುಣಿಯಿಂದ ಮಗ್ಗವನ್ನು ಕೀಳಬೇಕಿತ್ತು. ಸಾಲೆಗೆ ರಜೆ ಇತ್ತು. ನಾನು ಅವರ ಹೊಸಿಲಲ್ಲಿ ಹೋಗಿ ಕುಳಿತೆ. ಅಕ್ಕ ಎಳೆ ಆಯ್ದು ಕೊಡುತ್ತಿದ್ದರು, ಅಣ್ಣಾರು ಹೊಸೆಯುತ್ತಿದ್ದರು. ಬಹಳ ಹೊತ್ತು ನೋಡಿದ ಮೇಲೆ, ಹೇಳಬೇಕೆಂದು ಹೋಗಿದ್ದ ಮಾತನ್ನು ಹೇಳಲು ಹೊರಟೆ. ನನ್ನಿಂದ ಅವರಿಗಾದ ತೊಂದರೆ, ಅವರಿಂದ ನನಗಾದ ಉಪಕಾರ, ಅಂಟಿನುಂಡಿ, ಇವೆಲ್ಲ ಸೇರಿ ಮಾತು ಉದ್ದವಾಗುತ್ತ ಹೋಯಿತು.

ಅಣ್ಣಾರು ತಲೆಯೆತ್ತದೆ ಕೇಳುತ್ತಿದ್ದರು. ಕೊನೆಗೆ ಅಂದರು:

“ಅರ್ಜಿ ಕೊಡದಿದ್ರ ಈ ಗ್ವಾಡಿ ಎಲ್ಲಿ ಏಳ್ತಿತ್ರಿ? ಆತು ಬಿಡ್ರಿ. ಒಂದೀಟು ಸರೀರಿ ಮಾಸ್ತರ್ರ, ಬೆಳಕಿಗೆ ಅಡ್ಡ ಕುಂತೀರಿ.”

ನಾನು ಸರಿದು ಕುಳಿತೆ. ಆ ದಿನದ ಹಾಳೆಯಲ್ಲಿ ಏನೂ ಬರೆದಿಲ್ಲ. ಸಂಜೆಯವರೆಗೆ ಅಲ್ಲೇ ಕುಳಿತಿದ್ದೆನೆಂದು ಹೆಂಡತಿ ಹೇಳುತ್ತಾಳೆ. ಎಳೆಗಳು ಒಂದೊಂದಾಗಿ ಕೂಡುತ್ತಿದ್ದವು, ಇನ್ನೂ ಬಹಳ ಉಳಿದಿದ್ದವು.